ಮಿಂಚುಳ್ಳಿಯ ದನಿ

ಹೆಡ್‌ಫೋನಿನಲ್ಲಿ ತನ್ನ ದನಿ ಕೇಳಿ ಅಕ್ಕ ಎದ್ದು ಕುಣಿಯುವುದೊಂದು ಬಾಕಿ.

"ಕೇಳಿದ್ರಾ ಮೇಷ್ಟ್ರೇ! ಮೊದಲಿನ ದನಿ ಇನ್ನು ಬರಲ್ಲಮ್ಮ ಅಂದಿದ್ರಲ್ಲ ಆ ಡಾಕ್ಟ್ರು? ಎಲ್ಲಿ, ಕರೀರಿ ಅವರನ್ನ ಇಲ್ಲಿಗೆ!"

ಗಾಜಿನಾಚೆ ಇಬ್ಬರಿದ್ದರು. ಒಬ್ಬರು ಡಬ್ಬಿಂಗ್ ನಿರ್ದೇಶಕರು. ಒಂದು ಕಾಲಕ್ಕೆ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಈಗಲೂ ಎಲ್ಲರಿಗೂ ಮೇಷ್ಟ್ರು. ಇನ್ನೊಬ್ಬ ಧ್ವನಿಮುದ್ರಣ ಮಾಡುವವ. ಪಕ್ಕದ ಕೋಣೆಯಲ್ಲಿ ಯಾರಾದರೂ ಕುರ್ಚಿ ಎಳೆದರೂ ರೆಕಾರ್ಡಿಂಗ್ ನಿಲ್ಲಿಸಿ ಬೈಯುವ ಅವನಿಗೆ ಕಿವಿಯಣ್ಣ ಎಂದೇ ಹೆಸರು. ಅಕ್ಕನ ಮಾತಿಗೆ ಇಬ್ಬರೂ ನಗಲಿಲ್ಲ. ಕಿವಿಯಣ್ಣ ಗುಂಡಿಗಳ ಮೇಲೆ ಬಾಗಿ ಏನನ್ನೋ ತಡಕಾಡತೊಡಗಿದ. ಮೇಷ್ಟ್ರು ಚಹಾದ ಲೋಟ ಎತ್ತಿ, ಕುಡಿಯದೆ ಹಾಗೇ ಕೆಳಗಿಟ್ಟರು. ಅಕ್ಕನಿಗೆ ಅದ್ಯಾವುದೂ ಕಾಣಲಿಲ್ಲ. ಖುಷಿಗೆ ಎಲ್ಲಿ ಕಣ್ಣಿರುತ್ತದೆ!

ಖುಷಿ ಸುಮ್ಮನೆ ಬಂದದ್ದಲ್ಲ. ಮಿಂಚುಳ್ಳಿ ಎಂಬ ಪುಟ್ಟ ಮಾಟಗಾತಿಯ ಕಾರ್ಟೂನ್ ಧಾರಾವಾಹಿ ಶುರುವಾದಾಗ ಅಕ್ಕನ ಮಗಳು ಅಂಬೆಗಾಲಿಡುತ್ತಿದ್ದಳು. ಈಗ ಮಗಳು ಕಾಲೇಜಿನಲ್ಲಿದ್ದಾಳೆ, ಅಕ್ಕನ ಕೂದಲು ಅರ್ಧ ನೆರೆತಿದೆ, ಮಿಂಚುಳ್ಳಿಗೆ ಮಾತ್ರ ಹದಿಮೂರು ದಾಟಿಲ್ಲ. ಭಾರೀ ಚುರುಕಿನ ಹುಡುಗಿ ಅವಳು. ದೊಡ್ಡ ದೊಡ್ಡ ಮಾಂತ್ರಿಕರು ಮಂತ್ರ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡ ಬೀಗವನ್ನು, ಕೀಲಿ ಕಾಲೊರಸಿನ ಕೆಳಗಿದೆಯೇನೋ ಎಂದು ನೋಡಿ ತೆಗೆಯುವವಳು. ಕತ್ತಿ ಕುತ್ತಿಗೆಗೆ ಬಂದರೂ ಗೆಳೆಯರನ್ನು ಬಿಟ್ಟು ಹೋಗುವವಳಲ್ಲ. ಅವಳ ಮಾತು, ಅಳು, ಸೀನು ಎಲ್ಲವೂ ಅಕ್ಕನದೇ. ಬೀದಿಯ ಮಕ್ಕಳು ಅಕ್ಕನನ್ನು ಅಡ್ಡಗಟ್ಟಿ, "ಮಾಟಗಾತಿ ಆಂಟಿ, ಒಂದ್ಸಲ ಮಾತಾಡಿ" ಎಂದು ಪೀಡಿಸುತ್ತಿದ್ದವು. ಬೇಡ ಎನ್ನುತ್ತಲೇ ಅಕ್ಕ ಮಾತಾಡುತ್ತಿದ್ದಳು. ಅದು ಬಿಟ್ಟರೆ ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಧಾರಾವಾಹಿಯ ಕೊನೆಯ ಭಾಗ ಬರುವ ಹೊತ್ತಿಗೆ ಸರಿಯಾಗಿ ಗಂಟಲು ಕೈಕೊಟ್ಟಿತು. ಧ್ವನಿತಂತುಗಳು ಊದಿಕೊಂಡಿವೆ, ಪಿಸುಮಾತೂ ಕೂಡದು ಎಂದು ಡಾಕ್ಟರು ಬಾಯಿಗೆ ಬೀಗ ಹಾಕಿದರು. ತಿಂಗಳ ಮೇಲಾಯಿತು. ಅಕ್ಕ ಚಪ್ಪಾಳೆ ತಟ್ಟಿ ಮಗಳನ್ನು ಕರೆಯುತ್ತಿದ್ದಳು, ಕಣ್ಣಲ್ಲೇ ಬೈಯುತ್ತಿದ್ದಳು. "ಮನೆ ಎಷ್ಟು ನೆಮ್ಮದಿಯಾಗಿದೆ ಅಮ್ಮಾ, ಹೀಗೇ ಇದ್ದುಬಿಡು" ಎಂದು ಮಗಳು ರೇಗಿಸುತ್ತಿದ್ದಳು. ಆಮೇಲೆ ಸಂಜೆಯವರೆಗೂ ಲೈಬ್ರರಿ ಎಂದು ಹೋಗಿಬಿಡುತ್ತಿದ್ದಳು. ಸ್ಟುಡಿಯೋದಲ್ಲಿ ಕೆಲಸ ನಿಲ್ಲಿಸಿ ತನಗಾಗಿ ಕಾಯುತ್ತಿದ್ದಾರೆ ಎಂದೇ ಅಕ್ಕ ನಂಬಿದ್ದಳು. ಇವತ್ತು ಬೆಳಿಗ್ಗೆ ಬಂದು ಮೊದಲ ಮಾತು ಹೇಳಿದ್ದಳು: "ಬಾಗಿಲಿಗೆ ಬೀಗ ಇದ್ರೇನು, ಗೋಡೆಗೆ ಕಿಟಕಿ ಇಲ್ವಾ!" ಹೇಳುವಾಗ ಹೇಗೆ ಬಂತೋ ತಿಳಿಯಲಿಲ್ಲ, ತನ್ನ ದನಿ ತನ್ನ ತಲೆಯೊಳಗೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಈಗ ಕಿವಿಯಣ್ಣ ಹಾಕಿದ್ದನ್ನು ಕೇಳಿದರೆ, ಆಹಾ, ಗಾಜಿನ ಬಳೆಯ ಹಾಗೆ ಖಣಖಣ!

ಮಾತು ಮುಗಿಯಿತು. ಪರದೆಯ ಮೇಲೆ ಮಿಂಚುಳ್ಳಿ ಕಿಟಕಿ ಹತ್ತಿ ನಕ್ಕಳು. ಹೆಡ್‌ಫೋನಿನಲ್ಲೂ ನಗು ಕೇಳಿಸಿತು.

ಅಕ್ಕ ಇನ್ನೂ ನಕ್ಕೇ ಇರಲಿಲ್ಲ.

ಈ ಕೆಲಸದಲ್ಲಿ ನಗು, ಅಳು, ಕಿರುಚಾಟಗಳನ್ನು ಕೊನೆಗೆ ಬೇರೆಯಾಗಿ ಮೈಕಿನಲ್ಲಿ ಹಿಡಿಯುತ್ತಾರೆ; ಗಂಟಲು ಮೊದಲೇ ದಣಿಯಬಾರದೆಂದು. ಇವತ್ತಂತೂ ನಗುವನ್ನು ಮುಟ್ಟುವುದೇ ಬೇಡ ಎಂದು ಮೇಷ್ಟ್ರೇ ಹೇಳಿದ್ದರು. ಹಾಗಾದರೆ ಈ ನಗು ಯಾರದು? ನಗು ಮುಗಿಯುವಾಗ ಉಸಿರು ಒಳಕ್ಕೆಳೆದು ಸಣ್ಣದೊಂದು ಬಿಕ್ಕು. ತೊಟ್ಟಿಲಲ್ಲಿದ್ದಾಗಿನಿಂದ ಆ ಬಿಕ್ಕನ್ನು ಅಕ್ಕ ಕೇಳುತ್ತ ಬಂದಿದ್ದಾಳೆ.

"ಇದು ನನ್ನ ಮಗಳು" ಎಂದಳು.

ಕಿವಿಯಣ್ಣನ ಮುಖ ಬೆಳ್ಳಗಾಯಿತು. ಮಿಂಚುಳ್ಳಿಯ ಹೆಸರಿನಲ್ಲೇ ಎರಡು ಟ್ರ್ಯಾಕುಗಳಿದ್ದವು. ಅವಸರದಲ್ಲಿ ಈಗ ಹಿಡಿದದ್ದನ್ನು ಬಿಟ್ಟು ಕೆಳಗಿದ್ದ ಮಗಳದ್ದನ್ನು ಒತ್ತಿದ್ದ. ಅಷ್ಟು ವರ್ಷದ ಅನುಭವ, ಒಂದು ಬೆರಳು ಜಾರಿ ಗುಟ್ಟು ರಟ್ಟಾಗಿತ್ತು.

ಮೇಷ್ಟ್ರು ಒಳಗೆ ಬಂದು ಬಾಗಿಲು ಮುಚ್ಚಿದರು. "ಕೂತ್ಕೊಳಮ್ಮ. ಕಾರ್ಟೂನ್ ಕಂಪನಿಯವರು ಬೇರೆ ಹುಡುಗೀನ ಹುಡುಕಿ ಅಂತ ಪಟ್ಟು ಹಿಡಿದ್ರು. ನಾನು ಎಷ್ಟು ದಿನ ಅಂತ ಸಬೂಬು ಹೇಳ್ಲಿ? ಅಷ್ಟರಲ್ಲಿ ನಿನ್ನ ಮಗಳೇ ಬಂದ್ಲು. ನಾನು ಹೇಳ್ತೀನಿ, ಅಮ್ಮಂದೇ ದನಿ ಅಂತ ಕಳಿಸಿ ಅಂದ್ಲು. ಫೋನಲ್ಲಿ ನಿನ್ನ ತಂಗೀಗೇ ನಿಮ್ಮಿಬ್ಬರ ದನಿ ಗೊತ್ತಾಗಲ್ಲ, ಕಂಪನಿಯವರಿಗೇನು ಗೊತ್ತಾಗುತ್ತೆ?"

"ಏನಂದ್ರು?"

"ಯಾರು?"

"ಕಂಪನಿಯವರು. ಕೇಳಿ ಏನಂದ್ರು?"

ಮೇಷ್ಟ್ರು ಗೋಡೆ ನೋಡಿದರು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು ಅವರದು. "ಆಕೆ ದನಿ ಮೊದಲಿಗಿಂತ ಚೆನ್ನಾಗಿದೆ, ವಿಶ್ರಾಂತಿ ಕೊಟ್ಟಿದ್ದು ಒಳ್ಳೇದೇ ಆಯ್ತು... ಅಂದ್ರು."

ಅಕ್ಕನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. "ನಾನು ಈಗ ಹೇಳಿದ್ದನ್ನ ಹಾಕು" ಎಂದು ಗಾಜಿನಾಚೆ ನೋಡಿ ಹೇಳಿದಳು.

"ಬೇಡ ಬಿಡಿ ಅಕ್ಕ" ಎಂದ ಕಿವಿಯಣ್ಣ.

"ಹಾಕೋ ಮಾರಾಯ!"

ಹಾಕಿದ. ಬಾಗಿಲು, ಬೀಗ, ಗೋಡೆ, ಕಿಟಕಿ. ಮಾತು ಅದೇ. ಆದರೆ ಕಿಟಕಿ ಹತ್ತಿದ ಹದಿಮೂರರ ಹುಡುಗಿಯ ಬಾಯಿಂದ ಬಂದದ್ದು, ಹೊಸ್ತಿಲಲ್ಲಿ ನಿಂತು ಮೊಮ್ಮಕ್ಕಳನ್ನು ಗದರುವ ಅಜ್ಜಿಯ ದನಿ. ಅಂಚಿನಲ್ಲಿ ಮರಳು ಉಜ್ಜಿದಂತೆ ಗರಗರ. ಅಕ್ಕ ಅದನ್ನು ಪೂರ್ತಿ ಕೇಳಿದಳು. ಹೆಡ್‌ಫೋನನ್ನು ಮೆಲ್ಲಗೆ ಕಿವಿಯಿಂದ ತೆಗೆದು ಕೊಂಡಿಗೆ ಸಿಕ್ಕಿಸಿದಳು, ಚೀಲ ಹೆಗಲಿಗೇರಿಸಿ ಹೊರಗೆ ನಡೆದಳು. ದಾರಿಯಲ್ಲಿ ಮಕ್ಕಳು ಅಡ್ಡಬಂದವು. ಬಾಯಿ ತೆರೆಯಲು ಹೆದರಿಕೆಯಾಗಿ ಕೈಯಾಡಿಸಿ ದಾಟಿಕೊಂಡಳು.

ಮಗಳು ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು.

"ಲೈಬ್ರರಿ ಹೇಗಿತ್ತೇ?" ಅಕ್ಕ ಕೇಳಿದಳು.

ಮಗಳ ಕೈಯಲ್ಲಿದ್ದ ಒದ್ದೆ ಅಂಗಿ ಅಲ್ಲೇ ನಿಂತಿತು. "ಕಿವಿಯಣ್ಣ ಹೇಳಿದ್ನಾ?"

"ನಿನ್ನ ನಗು ಹೇಳ್ತು."

ಅಂಗಿಯಿಂದ ನೀರು ತೊಟ್ಟಿಕ್ಕಿ ಮಗಳ ಪಾದ ತೋಯುತ್ತಿತ್ತು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೂಗಾಡ್ತಿದ್ದೆ. ಕೂಗಬಾರ್ದು ಅಂದಿದ್ರಲ್ಲ ಡಾಕ್ಟ್ರು."

ಬೇರೆ ದಿನವಾಗಿದ್ದರೆ ಅಕ್ಕ ನಗುತ್ತಿದ್ದಳು. ಇವತ್ತು ಕುರ್ಚಿಯಲ್ಲಿ ದೊಪ್ಪನೆ ಕುಸಿದಳು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಮಗಳ ದನಿ ಕೇಳಿದವರೆಲ್ಲ ಹೇಳುವಾಗ ಹಿಗ್ಗುತ್ತಿದ್ದವಳು ಇವಳೇ. ಸೀರೆ ಬಂದ ಮೇಲೆ ನೂಲನ್ನು ಯಾರು ಕೇಳುತ್ತಾರೆ ಎಂದು ಆಗ ಹೊಳೆದಿರಲಿಲ್ಲ.

"ಹೊಟ್ಟೆಕಿಚ್ಚಾಗ್ತಿದೆ ಕಣೇ" ಎಂದಳು. "ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು! ಥೂ, ಎಂಥ ಜನ್ಮ ನಂದು. ಆದ್ರೆ ನೀನು ಚೆನ್ನಾಗಿ ಮಾಡಿದೀಯ. ನನಗಿಂತ ಚೆನ್ನಾಗಿ. ನಾಳೆ ಹೋಗಿ ಮೇಷ್ಟ್ರಿಗೆ ಹೇಳ್ತೀನಿ, ಕಂಪನಿಯವರಿಗೆ ನಿಜ ತಿಳಿಸಿ, ನಿನ್ನ ಹೆಸರೇ ಹಾಕಲಿ. ನಂದು ಮುಗೀತು."

"ನನಗೆ ಬೇಡ."

"ಬೇಡ ಅಂದ್ರೆ?"

"ಬಸ್ಸಲ್ಲಿ ನಿನ್ನ ಸೀಟಿಗೆ ಕರ್ಚೀಫು ಹಾಕಿದ್ದೆ ಅಷ್ಟೇ ಅಮ್ಮ. ಕರ್ಚೀಫಿಗೆ ಯಾರಾದ್ರೂ ಸೀಟು ಬಿಟ್ಟುಕೊಡ್ತಾರಾ?"

"ಬಾಯಿ ಮುಚ್ಚು. ದೊಡ್ಡ ಮಾತು ಕಲ್ತಿದೀಯ. ಇವತ್ತು ನನ್ನ ದನಿ ಹೇಗಿತ್ತು ಅಂತ ಕೇಳಿದ್ಯಾ ನೀನು? ಸತ್ತುಹೋಗೋಣ ಅನ್ನಿಸ್ತು."

ಮಗಳು ಅಂಗಿ ಹಿಂಡಿ ಹಗ್ಗಕ್ಕೆ ಹಾಕಿದಳು. ಆಮೇಲೆ ವಾದಿಸಲಿಲ್ಲ. ಹುಡುಗಿ ಒಪ್ಪಿದಳು ಎಂದುಕೊಂಡಳು ಅಕ್ಕ. ಎದೆಯಲ್ಲಿ ಬೆಂಕಿಯಿದ್ದರೂ ತೀರ್ಮಾನ ಮಾಡಿದ ಮೇಲೆ ಒಂದು ಬಗೆಯ ಹಗುರ.

ಮರುದಿನ ಅಕ್ಕ ಏಳುವಷ್ಟರಲ್ಲಿ ಮಗಳು ಹೊರಟುಹೋಗಿದ್ದಳು. ಕ್ಲಾಸಿರಬೇಕು. ಅಕ್ಕ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಒಳಗೊಳಗೇ ಉರುಹೊಡೆಯುತ್ತ ಸ್ಟುಡಿಯೋ ತಲುಪಿದಳು. ಬಾಗಿಲು ತೆರೆದರೆ ಮಗಳು ಕಿವಿಯಣ್ಣನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾಳೆ. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ನಿಂತಿದ್ದಾರೆ.

"ಅಳಿಸಿಬಿಟ್ಲು" ಎಂದರು ಮೇಷ್ಟ್ರು. "ಎಲ್ಲಾನೂ. ನಾನು ಬರೋ ಹೊತ್ತಿಗೆ ಮುಗಿದೇಹೋಗಿತ್ತು."

ಅಕ್ಕನಿಗೆ ಅರ್ಥವಾಗಲಿಲ್ಲ. "ಏನು ಅಳಿಸಿದ್ಲು?"

"ಅವಳ ದನಿ ಅಕ್ಕ" ಎಂದ ಕಿವಿಯಣ್ಣ. "ಒಂದು ತಿಂಗಳಿನ ಕೆಲಸ. ಒಂದ್ಸಲ ಕೇಳಬೇಕು ಹಾಕಣ್ಣ ಅಂದ್ಲು. ಹಾಕಿ, ನೀರು ಕುಡಿಯೋಕೆ ಅತ್ತ ಹೋಗಿದ್ದೆ. ಬಂದು ನೋಡಿದ್ರೆ ಏನೂ ಇಲ್ಲ. ಇನ್ನೊಂದು ಪ್ರತಿ ಇತ್ತು, ಅದನ್ನೂ ಬಿಟ್ಟಿಲ್ಲ. ಕಂಪನಿಗೆ ಕಳಿಸಿದ್ದು ಬರೀ ಚೂರುಪಾರು, ಅದರಲ್ಲಿ ಏನೂ ಮಾಡಕ್ಕಾಗಲ್ಲ." ಹೇಳುತ್ತ ಹೇಳುತ್ತ ಅವನಿಗೆ ಅಳುವೇ ಬಂತು. ಹಿಡಿದ ದನಿಯನ್ನು ಅಳಿಸುವುದೆಂದರೆ ಅವನಿಗೆ ಜೀವ ತೆಗೆದ ಹಾಗೆ.

ತಾನು ಹೊಟ್ಟೆಕಿಚ್ಚುಪಟ್ಟ ಆ ನಗು, ಆ ಖಣಖಣ, ಎಲ್ಲೂ ಇಲ್ಲ. ಇನ್ನು ಅದನ್ನು ಯಾರೂ ಕೇಳುವಂತಿಲ್ಲ. ಮಗಳ ಕೆನ್ನೆಗೆ ಬಾರಿಸಲೆಂದು ಅಕ್ಕ ಎತ್ತಿದ ಕೈ ಮೇಲೆಯೇ ನಿಂತಿತು.

"ಹುಚ್ಚುಮುಂಡೇದೇ! ಇವತ್ತು ಸಂಜೆ ಈ ಕೊನೇ ಭಾಗದ ಮೊದಲ ಕಂತು ಕಂಪನಿಗೆ ಹೋಗ್ಬೇಕು. ಒಳಗೆ ಹೋಗು. ಮತ್ತೆ ಹೇಳು."

"ಹೇಳಲ್ಲ."

"ಕಾಲು ಹಿಡ್ಕೋಬೇಕಾ?"

"ಹಿಡಿದ್ರೂ ಹೇಳಲ್ಲ." ಮಗಳ ಮುಖ ಕೆಂಪಗಾಗಿತ್ತು, ಕಣ್ಣು ತುಂಬಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. "ಅವರು ಚೆನ್ನಾಗಿದೆ ಅಂದಿದ್ದು ನಿನ್ನ ಹೆಸರನ್ನ. ನನ್ನ ಹೆಸರಿಟ್ಟು ಕಳಿಸಿದ್ರೆ ಕಿವಿಗೂ ಹಾಕ್ಕೋತಿರ್ಲಿಲ್ಲ. ನೀನು ಒಳಗೆ ಹೋಗ್ತೀಯೋ, ಇಲ್ಲ ಮಿಂಚುಳ್ಳಿ ಮೂಗಿ ಆಗ್ತಾಳೋ, ನೋಡ್ಕೋ."

"ಬೈತಾರಲ್ಲೇ! ತೆಗೆದುಹಾಕ್ತಾರೆ ನನ್ನ!"

"ತೆಗೆದುಹಾಕ್ಲಿ. ಅವರು ತೆಗೀಲಿ. ನೀನೇ ಯಾಕೆ ತೆಗೀತೀಯ?"

ಅಕ್ಕ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಗಡಿಯಾರ ನೋಡಿದರು. ಬೇರೆ ದಾರಿ ಯಾರಿಗೂ ಕಾಣಲಿಲ್ಲ. ಇಷ್ಟು ವರ್ಷ ಮನೆಯ ಅಡುಗೆಕೋಣೆಗೆ ಹೋಗುವಷ್ಟು ಸಲೀಸಾಗಿ ನುಗ್ಗಿದ ಆ ಕೋಣೆಗೆ ಅಕ್ಕ ಇವತ್ತು ಶಸ್ತ್ರಚಿಕಿತ್ಸೆಗೆ ಹೋಗುವವಳಂತೆ ಹೋದಳು. ಹಿಂದೆ ಬಾಗಿಲು ಮುಚ್ಚಿತು.

ಪರದೆಯ ಮೇಲೆ ಕಲ್ಲಿನ ಕೋಟೆ ಕುಸಿಯುತ್ತಿತ್ತು. ಗೆಳೆಯರಿಬ್ಬರು ಬಂಡೆಯಡಿ ಸಿಕ್ಕಿಕೊಂಡಿದ್ದಾರೆ. ನಿನಗೆ ದಾರಿ ಗೊತ್ತು, ನೀನಾದರೂ ಹೋಗು ಎನ್ನುತ್ತಾರೆ. ಮಿಂಚುಳ್ಳಿ ತಿರುಗಿ ನೋಡುತ್ತಾಳೆ. ಇಲ್ಲಿ ಮಾತು ಬರಬೇಕು. ಅಕ್ಕ ಬಾಯಿ ತೆರೆದಳು. ತನ್ನ ದನಿಗೆ ತಾನೇ ಕಿವಿಗೊಟ್ಟು ಬೆಚ್ಚಿದಳು. ಮಾತು ಹಿಂದೆ ಬಿತ್ತು, ಮಿಂಚುಳ್ಳಿಯ ತುಟಿ ಮುಂದೆ ಹೋಯಿತು. ಕಿವಿಯಣ್ಣ ಮೊದಲಿನಿಂದ ಹಾಕಿದ. ಈ ಸಲ ತುಟಿಗಿಂತ ಮಾತೇ ಮುಂದಾಯಿತು. ಇನ್ನೊಮ್ಮೆ ಹಾಕಿದ. ಎಷ್ಟೋ ಸಾವಿರ ಸಲ ಮಾಡಿದ ಕೆಲಸ, ಇವತ್ತು ಮೊದಲ ದಿನಕ್ಕಿಂತ ಕಷ್ಟವಾಯಿತು.

"ಆಗಲ್ಲ ಮೇಷ್ಟ್ರೇ" ಎಂದಳು. ಕೋಟೆ ಮತ್ತೆ ಮೊದಲಿನಿಂದ ಕುಸಿಯತೊಡಗಿತು.

ಆಗ ಗಾಜಿನಾಚೆ ಮಗಳು ಸ್ಟೂಲಿನಿಂದ ಎದ್ದು ಹತ್ತಿರ ಬಂದಳು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ಅವಳೂ ಪರದೆಯನ್ನೇ ನೋಡುತ್ತಿದ್ದಳು. ಬಂಡೆ ಉರುಳಿತು, ಗೆಳೆಯರು ಕೂಗಿದರು, ಮಿಂಚುಳ್ಳಿ ತಿರುಗಿದಳು. ಅವಳ ತುಟಿಗೆ ಸರಿಯಾಗಿ ಮಗಳ ತುಟಿಗಳು ಅಲುಗಿದವು. ಸದ್ದಿಲ್ಲ, ತುಟಿ ಮಾತ್ರ.

ಅಕ್ಕ ಪರದೆಯನ್ನು ಬಿಟ್ಟಳು. ಆ ತುಟಿಗಳನ್ನೇ ನೋಡುತ್ತ ಹೇಳಿದಳು, ಗರಗರ ದನಿಯಲ್ಲಿ, ಬಂದ ಹಾಗೆ:

"ದಾರಿ ನನಗೆ ಗೊತ್ತು ಕಣ್ರೋ. ಅದಕ್ಕೇ ನಿಂತಿದ್ದೀನಿ."

ಯಾರೂ ನಿಲ್ಲಿಸಲಿಲ್ಲ. ಮೈಕಿನ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಮಗಳ ಉಸಿರಿನಿಂದ ಗಾಜು ಮಬ್ಬಾಯಿತು. ಅವಳು ಅದನ್ನು ತೋಳಿನಿಂದ ಒರೆಸಿ, ಮುಂದಿನ ಮಾತಿಗೆ ತುಟಿ ತೆರೆದಳು.