ಕೈ ಎಣಿಸಿದ ಮೇಲೆ ಮಾಫಿ

ಶರಣುವಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಆ ಭಾನುವಾರ ವಡಾಲದ ಕನ್ನಡ ಬ್ಯಾಪ್ಟಿಸ್ಟ್ ಸಭೆಯಲ್ಲಿ ಅವನು ಎದ್ದು ನಿಂತಾಗ ಕಿವಿ ಆಗಲೇ ಕೆಂಪಾಗಿತ್ತು. ಸಿಟ್ಟಿಗಲ್ಲ, ಹೆದರಿಕೆಗೆ.

ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಬೆಳಿಗ್ಗೆಯೇ ನೀರು ತುಂಬಿಸಿದ್ದರು. ವರ್ಷಕ್ಕೆ ಒಂದೇ ಸಲ ತುಂಬುವ ತೊಟ್ಟಿ. ನೆಲಕ್ಕೆ ಫರಶಿ ಕಲ್ಲು ಕೂರಿಸಿ ಹೊಟ್ಟೆ ಹೊರೆಯುವ ಈ ಇಪ್ಪತ್ತೆರಡರ ಹುಡುಗ ಇವತ್ತು ದೀಕ್ಷಾಸ್ನಾನಕ್ಕೆ ಅದರಲ್ಲಿ ಮುಳುಗಿ ಏಳಬೇಕಿತ್ತು. ಅದಕ್ಕೂ ಮೊದಲು ಸಭೆಯ ಮುಂದೆ ತನ್ನ ನಂಬಿಕೆಯ ಸಾಕ್ಷಿ ಹೇಳಬೇಕು. ಕೇಳಿದವರು ಕೈಯೆತ್ತಿ ಒಪ್ಪಬೇಕು. ಇಲ್ಲಿ ಬಿಷಪ್ಪರಿಲ್ಲ, ಮೇಲಿನವರ ಹುಕುಂ ಇಲ್ಲ. ಪಾಸ್ಟರ್ ಪೂವಪ್ಪನವರದೂ ಒಂದೇ ಕೈ, ಹೂವು ಮಾರುವ ಸೋಮವ್ವನದೂ ಒಂದೇ ಕೈ. ಒಬ್ಬರ ಕೈ ಏಳದಿದ್ದರೂ ಮುಂದಿನ ವರ್ಷದವರೆಗೆ ಕಾಯುವುದು ಈ ಸಭೆಯ ರೂಢಿ.

"ನಾ ಕೂಸಿದ್ದಾಗ ಊರ ಚರ್ಚಿನ್ಯಾಗ ನೆತ್ತಿಗೆ ನೀರು ಚಿಮುಕಿಸಿದ್ರಂತ," ಶರಣು ಶುರುಮಾಡಿದ. "ನಾ ಚೀರಿ ಚೀರಿ ಅತ್ತೆನಂತ. ಅವ್ವನ ನಂಬಿಗಿ ಸುಳ್ಳಂತ ನಾ ಅನ್ನಂಗಿಲ್ರಿ. ಆದ್ರ ಅದು ಆಕೀದು. ಈಗ ಯೇಸುಸ್ವಾಮಿ ನನ್ನ ಕರದಾನ, ನಾನ ಓ ಅಂದೀನಿ. ಓ ಅಂದಾಂವ ತಾನ ನೀರಿಗಿಳೀಬೇಕಲ್ರಿ? ನೀರಿನಿಂದ ಪಾಪ ಹೋಗ್ತದ ಅಂತ ಅಲ್ರಿ. ಹಳೇ ಶರಣು ಸತ್ತ, ಹೊಸಬ ಎದ್ದ ಅಂತ ಮಂದಿಗೆ ತೋರಸೂದು."

"ಸ್ತೋತ್ರ!" ಎಂದಳು ಸೋಮವ್ವ.

"ಯಾರಾದ್ರೂ ಏನಾದ್ರೂ ಕೇಳ್ಬೇಕಾ?" ಎಂದರು ಪಾಸ್ಟರ್.

ಬಂಡೆಪ್ಪ ಎದ್ದ. ಸಭೆಯ ಕೆಲಸ ನೋಡಿಕೊಳ್ಳುವ ಡೀಕನ್, ಪಾಸ್ಟರ್ ಜೊತೆ ತೊಟ್ಟಿಗಿಳಿದು ಬೆನ್ನಿಗೆ ಕೈ ಕೊಡುವ ಆಳು. ಆಂಟಾಪ್ ಹಿಲ್‌ನಲ್ಲಿ ಶರಣುವಿದ್ದ ಸಾಲುಮನೆಯ ಚಾಳಿನಲ್ಲೇ ಇರುವವನು.

"ಹಳೇ ಶರಣು ಸತ್ತದ್ದು ಯಾವಾಗಪಾ? ಗುರುವಾರ ಮುಂಜಾನಿ ನಳದ ಹತ್ರ ಭಾಳ ಗಟ್ಟಿಮುಟ್ಟಿ ಇದ್ದ. ನನ್ನ ಬಕೆಟ್ಟಿಗೆ ಒದ್ದ. ತೀರಿಹೋದ ನಮ್ಮಪ್ಪನ್ನ ಹಿಡದು ಹಿಂದಿಯೊಳಗ ಬೈದ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ನೀವು ನಡುವ ನುಗ್ಗಿ ಲೈನ್ ಮುರದ್ರಿ ಕಾಕಾ!"

"ಮುರದೆ, ಖರೆ. ಅದಕ್ಕ ನಮ್ಮಪ್ಪನ್ನ ಯಾಕ ಕರದಿ? ಅಂವ ಬಕೆಟ್ ಹಿಡಕೊಂಡು ಬಂದಿದ್ದನೇನು?"

ಈಗ ಎಲ್ಲರೂ ನಕ್ಕರು. ಪಾಸ್ಟರ್ ಕೈ ಅಡ್ಡ ಹಿಡಿದು, "ಒಂದು ಮಾಫಿ ಕೇಳಿಬಿಡು ಮಾರಾಯ, ಮುಗೀತು," ಎಂದರು.

ಒಂದೇ ಮಾತು. ಗುರುವಾರ ಸಂಜೆ ಅದನ್ನು ಹೇಳಲೆಂದೇ ಶರಣು ಬಂಡೆಪ್ಪನ ಬಾಗಿಲವರೆಗೆ ಹೋಗಿದ್ದ. ಸೊಕ್ಕು ಅಡ್ಡ ಬಂದು ತಿರುಗಿ ಬಂದಿದ್ದ. ಈಗ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ತೊಟ್ಟಿಯ ನೀರೂ ಹತ್ತೇ ಹೆಜ್ಜೆಯಲ್ಲಿತ್ತು. ಅದೇ ಅವನಿಗೆ ಸರಿಬರಲಿಲ್ಲ.

"ಈಗ ಕೇಳಂಗಿಲ್ರಿ."

ಸಭೆ ಗುಜುಗುಜು ಎಂದಿತು. "ಅಯ್ಯ ಇವನ, ತಲಿ ಕೆಟ್ಟದೇನೋ ನಿನಗ!" ಎಂದಳು ಸೋಮವ್ವ.

"ಈಗ ಕೇಳಿದ್ರ ನೀರಿಗಿಳಿಯೂ ಆಸೇಕ್ಕ ಕೇಳಿದಂಗ ಆಗ್ತದ ಅವ್ವಾ, ಲಂಚ ಕೊಟ್ಟಂಗ. ಮೊದಲ ಕೈ ಎಣಸ್ರಿ. ಎದ್ರೂ ಕೇಳ್ತೀನಿ, ಏಳದಿದ್ರೂ ಕೇಳ್ತೀನಿ. ಎಣಿಸೂದು ಮುಗೀಲಿ!"

ಬಂಡೆಪ್ಪ ಅವನನ್ನೇ ನೋಡಿದ. ಮೀಸೆಯಡಿ ನಗು ಬಂತು, ತಡೆದುಕೊಂಡ, ಮತ್ತೆ ಬಂತು.

"ಒತ್ತಾಯದ ದೀಕ್ಷೆ ಬ್ಯಾಡಂತ ನಾವು ಕೂಸುಗೋಳಿಗೆ ಕೊಡಂಗಿಲ್ಲ. ಒತ್ತಾಯದ ಮಾಫಿ ತಗೊಂಡು ನಾ ಏನ ಉಪ್ಪಿನಕಾಯಿ ಹಾಕ್ಲಿ?" ಎಂದವನೇ ಎಲ್ಲರಿಗಿಂತ ಮೊದಲು ಕೈಯೆತ್ತಿದ.

ಪಾಸ್ಟರ್ ಎಣಿಸಿದರು. ಇಪ್ಪತ್ಮೂರು ಜನ, ಇಪ್ಪತ್ಮೂರು ಕೈ. ಕೊನೆಯ ಕೈ ಕೆಳಗಿಳಿಯುವ ಮೊದಲೇ ಶರಣು ಬೆಂಚು ದಾಟಿ ಬಂಡೆಪ್ಪನ ಮುಂದೆ ನಿಂತಿದ್ದ.

"ತಪ್ಪಾತ್ರಿ ಕಾಕಾ. ಬಕೆಟ್ಟಿಂದೂ, ನಿಮ್ಮಪ್ಪಂದೂ. ಆದ್ರ ಲೈನ್ ಮುರದದ್ದು..."

"ನಂದು, ನಂದು! ನಡಿ ಈಗ, ನೀರು ನಿನ್ನ ದಾರಿ ಕಾಯಾಕತ್ತದ."

ತೊಟ್ಟಿಯಲ್ಲಿ ಪಾಸ್ಟರ್ ಒಂದು ಕಡೆ, ಬಂಡೆಪ್ಪ ಒಂದು ಕಡೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಹಿಂದಕ್ಕೆ ಬಾಗಿಸಿದರು. ಒಂದು ಕೂದಲೂ ಕಾಣದಂತೆ ಮುಳುಗಿದ ಶರಣು, ಆಮೆನ್ ಹೇಳುವ ಅವಸರಕ್ಕೆ ನೀರೊಳಗೇ ಬಾಯಿ ತೆರೆದುಬಿಟ್ಟ. ಕೆಮ್ಮುತ್ತ, ಮೂಗಿನಿಂದ ನೀರು ಸುರಿಸುತ್ತ ಎದ್ದವನನ್ನು ಕಂಡು ಇಡೀ ಸಭೆ ಹೊಟ್ಟೆ ಹಿಡಿದು ನಕ್ಕಿತು.

"ಏನ್ ನಗ್ತೀರಿ!" ಎಂದು ಗುಡುಗಲು ಹೋದ. ಅರ್ಧಕ್ಕೆ ಅವನಿಗೂ ನಗು ಬಂತು, ಕೆಮ್ಮೂ ಬಂತು. ಬಂಡೆಪ್ಪ ಬೆನ್ನಿಗೆ ಧಪಧಪ ಗುದ್ದುತ್ತಲೇ ಇದ್ದ.