ಮುರಿಯದೆ ಉಳಿದ ಬೀಗದ ಕೈ

ಸೆರೆಮನೆಯಲ್ಲಿ ಅವನನ್ನು ಎಲ್ಲರೂ ಗಾಡಿಯಣ್ಣ ಎಂದೇ ಕರೆಯುತ್ತಿದ್ದರು. ಹೊರಗಿದ್ದಾಗ ಸಾಮಾನು ಸಾಗಿಸುವ ಸಣ್ಣ ಗಾಡಿ ಓಡಿಸುತ್ತಿದ್ದವನು. "ಗಾಡಿ ಕೆಟ್ಟು ನಿಂತು ಆರು ವರ್ಷ ಆಯ್ತು, ಇನ್ನೂ ಮೆಕ್ಯಾನಿಕ್ ಬಂದಿಲ್ಲ ನೋಡು" ಎಂದು ಜೊತೆಯ ಕೋಣೆವಾಸಿ ತಾತ ಕಂಡವರ ಮುಂದೆಲ್ಲ ಹೇಳಿ ನಗುತ್ತಿದ್ದ. ಗಾಡಿಯಣ್ಣನೂ ನಗುತ್ತಿದ್ದ. ಅವನ ಅಪ್ಪ ಬೀದಿಬದಿಯಲ್ಲಿ ಕೂತು ಬೀಗ ರಿಪೇರಿ ಮಾಡುತ್ತಿದ್ದವನು ಎಂಬುದು ಮಾತ್ರ ತಾತನಿಗೂ ಗೊತ್ತಿರಲಿಲ್ಲ. ಆ ಮಾತನ್ನು ಅವನು ಪೊಲೀಸರಿಗೂ ಹೇಳಿರಲಿಲ್ಲ, ನ್ಯಾಯಾಲಯದಲ್ಲೂ ಹೇಳಿರಲಿಲ್ಲ. ಬೆಳಗ್ಗೆ ಎದ್ದು ಕಿಟಕಿಯ ಬೆಳಕಿಗೆ ಕೈಮುಗಿಯುವಾಗ ದೇವರಿಗೂ ಹೇಳುತ್ತಿರಲಿಲ್ಲ. ಗೊತ್ತಿದ್ದವನಿಗೆ ಹೇಳುವುದೇನು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಿದ್ದ.

ಅವಧಿಗೆ ಮೊದಲೇ ಅವನನ್ನು ಬಿಡಬಹುದೇ ಎಂದು ನೋಡುವ ಬಿಡುಗಡೆ ಸಮಿತಿ ಸೇರಲು ಒಂದು ತಿಂಗಳಿರುವಾಗ ಒಬ್ಬ ಮೇಡಂ ಕಾಗದ ಹಿಡಿದು ಬಂದರು. ನೋವು ಕೊಟ್ಟವರನ್ನೂ ನೋವು ಉಂಡವರನ್ನೂ ಎದುರುಬದುರು ಕೂರಿಸಿ ಮಾತಾಡಿಸುವುದು ಅವರ ಕೆಲಸ.

"ಒಪ್ಪೋದು ಬಿಡೋದು ನಿಮಗೆ ಸೇರಿದ್ದು. ಬಲವಂತ ಇಲ್ಲ. ನೀವು ಕಳವಿಗೆ ನುಗ್ಗಿದ ಮನೆಯ ಅಮ್ಮನೇ ಕೇಳಿಕೊಂಡಿದ್ದಾರೆ, ನಿಮ್ಮನ್ನ ನೋಡಬೇಕು ಅಂತ."

ಅವನು ಯೋಚಿಸುತ್ತೇನೆ ಎಂದ. ತಾತ ಬಿಡಬೇಕಲ್ಲ.

"ಯೋಚನೆ ಏನೋ ಮಾರಾಯ! ಸೈನ್ ಹಾಕು. ಹೋಗಿ ತಲೆ ತಗ್ಗಿಸಿ ಕೂತ್ಕೋ. ಎರಡು ಹನಿ ಕಣ್ಣೀರು ಬಂದ್ರೆ ಒಳ್ಳೇದು, ಬರದಿದ್ರೆ ಮೂಗು ಒರೆಸ್ಕೋ. ನಿನ್ನ ಫೈಲಿನಲ್ಲಿ ಒಂದು ಒಳ್ಳೆ ಮಾತು ಬೀಳುತ್ತೆ. ಬರೋ ತಿಂಗಳು ಮನೆ!"

ಮನೆ ಎಂದರೆ ಮಗಳು. ಅವನು ಒಳಗೆ ಬಂದಾಗ ಐದು ವರ್ಷದವಳು, ಈಗ ಹನ್ನೊಂದು. ಕಳೆದ ಭೇಟಿಯಲ್ಲಿ ಜಾಲರಿಗೆ ಬೆರಳು ಸಿಕ್ಕಿಸಿ, "ಅಪ್ಪಾ, ಬರೋ ತಿಂಗಳು ತಾನೇ? ಖಂಡಿತ ತಾನೇ?" ಎಂದು ಮೂರು ಸಲ ಕೇಳಿದ್ದಳು. ಮೂರು ಸಲವೂ ಅವನು ಖಂಡಿತ ಎಂದಿದ್ದ. ಆ ಮಾತನ್ನು ನೆನೆದೇ ಸಹಿ ಹಾಕಿದ. ಪಶ್ಚಾತ್ತಾಪ ಆಗ ಅವನ ಲೆಕ್ಕದಲ್ಲೇ ಇರಲಿಲ್ಲ.

ವಾರ ಕಳೆದು ಮೇಡಂ ಮತ್ತೆ ಬಂದರು.

"ಅಮ್ಮನಿಗೆ ಕೇಳೋದು ಒಂದೇ ಪ್ರಶ್ನೆ ಅಂತೆ. ಆವತ್ತು ಬಾಗಿಲಿಗೆ ಬೀಗ ಹಾಕಿತ್ತೋ ಇಲ್ಲವೋ. ಅಷ್ಟೇ."



"ಅದನ್ನ ಯಾಕೆ ಕೇಳ್ತಾರೆ?"

"ನೀವು ಕೋರ್ಟಿನಲ್ಲಿ ಬಾಗಿಲು ತೆರೆದೇ ಇತ್ತು ಅಂತ ಹೇಳಿದ್ರಿ. ಆವತ್ತು ಮನೆಯಿಂದ ಕಡೆಗೆ ಹೊರಟವರು ಅವರು. ಬೀಗ ಹಾಕಿದ ನೆನಪು ಅವರಿಗಿದೆ. ಆದರೆ ಆರು ವರ್ಷದಿಂದ ಮನೆಯವರೆಲ್ಲ, ನೀನೇ ಮರೆತೆ, ನಿನ್ನ ಮರೆವಿನಿಂದಲೇ ಅಪ್ಪ ಹೋದರು ಅಂತ ದೂರುತ್ತಾ ಬಂದಿದ್ದಾರೆ. ಈಗ ಅವರಿಗೆ ತಮ್ಮ ನೆನಪಿನ ಮೇಲೇ ನಂಬಿಕೆ ಇಲ್ಲ."

"ನಾನು ಭೇಟಿಯಲ್ಲಿ ಹೇಳೋದು ಸಮಿತಿಗೆ ಹೋಗುತ್ತಾ..."

"ನಾನು ಬರೆಯೋದು ನೀವು ಬಂದಿರಿ, ಕೂತಿರಿ ಅಂತ ಮಾತ್ರ. ಆದರೆ ಅವರ ಮಗನೂ ಜೊತೆಗಿರ್ತಾನೆ. ಅವನ ಬಾಯಿಗೆ ನಾನು ಹೊಲಿಗೆ ಹಾಕೋಕಾಗಲ್ಲ. ಸಮಿತಿಯ ಮುಂದೆ ಮಾತಾಡೋ ಹಕ್ಕು ಅವನಿಗಿದೆ. ಇದನ್ನ ಮೊದಲೇ ಹೇಳಿಬಿಡೋದು ನನ್ನ ಧರ್ಮ. ಬೇಡ ಅನ್ನಿಸಿದ್ರೆ ಬಾಗಿಲ ಹತ್ತಿರ ಬಂದ ಮೇಲೂ ವಾಪಸ್ ಹೋಗಬಹುದು."

ನಡೆದದ್ದನ್ನು ಈಗ ಹೇಳಿಬಿಡಬೇಕು.

ಬೀಗಕ್ಕೆ ಹೊಸ ಕೈ ಮಾಡುವಾಗ ಅವನ ಅಪ್ಪ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದ. ಮೊದಲು ತೆಳು ತಗಡಿನಲ್ಲಿ ಒಂದು ಕೈ ಕೊರೆದು ಬೀಗಕ್ಕೆ ಹಾಕಿ ನೋಡುವುದು. ಅದು ಸರಿಯಾಗಿ ತಿರುಗಿದರೆ ಅದರಂತೆ ಗಟ್ಟಿ ಕೈ ಮಾಡುವುದು. ಆಮೇಲೆ ಆ ತಗಡಿನ ಕೈಯನ್ನು ಬೀಗದ ಒಡೆಯನ ಕಣ್ಣೆದುರೇ ಇಕ್ಕಳದಲ್ಲಿ ಹಿಡಿದು ಮುರಿಯುವುದು. ಮುರಿದ ಸದ್ದು ಒಡೆಯನ ಕಿವಿಗೆ ಬೀಳಬೇಕು. "ನಾವು ಕೊಡೋದು ಕೈಯಲ್ಲ ಮಗಾ, ನಿದ್ದೆ" ಎನ್ನುತ್ತಿದ್ದ ಅಪ್ಪ.

ಅಪ್ಪನಿಗೆ ಜ್ವರ ಬಂದು ಮಲಗಿದ ವಾರ ಗಾಡಿ ನಿಲ್ಲಿಸಿ ಮಗ ಆ ಜಾಗದಲ್ಲಿ ಕೂತಿದ್ದ. ಕನ್ನಡಕ ಹಾಕಿದ ಹಿರಿಯರೊಬ್ಬರು ಬಾಗಿಲಿಂದ ಬಿಚ್ಚಿದ ಬೀಗ ತಂದರು. ಮಾತಿನ ಮಲ್ಲ. ತಾವು ಬೆಳಗ್ಗೆ ತಿರುಗಾಡಲು ಹೋಗುವುದು, ಹೆಂಡತಿ ಶಾಲೆಯಲ್ಲಿ ಪಾಠ ಹೇಳುವುದು, ಮನೆ ಯಾವ ಓಣಿಯಲ್ಲಿದೆ, ಎಲ್ಲ ತಾವಾಗಿ ಹೇಳಿದರು. ಅವನು ಅವರ ಎದುರೇ ಇಕ್ಕಳದಲ್ಲಿ ತಗಡು ಮುರಿದ. ಮುರಿದದ್ದು ಕೊರೆಯದ ಬರೀ ತಗಡು. ಕೊರೆದದ್ದು ಅವನ ಜೇಬಿನಲ್ಲಿತ್ತು. "ಇದಪ್ಪ ನಿಯತ್ತು" ಎಂದು ಹಿರಿಯರು ಅವನ ಭುಜ ತಟ್ಟಿ ಹೋದರು.

ಮೂರು ತಿಂಗಳ ನಂತರ ಒಂದು ಬೆಳಗ್ಗೆ ಅವನು ಆ ತಗಡಿನ ಕೈಯಿಂದ ಬೀಗ ತೆರೆದು ಒಳಗೆ ಹೋದ. ಆವತ್ತು ಹಿರಿಯರು ಬೇಗ ಮರಳಿ ಬಂದರು. ಮೆಟ್ಟಿಲ ಮೇಲೆ ಎದುರಾದರು. ಅವನು ಓಡುವ ಭರದಲ್ಲಿ ತಳ್ಳಿದ. ಅವರ ತಲೆ ಕಲ್ಲಿನ ಅಂಚಿಗೆ ಬಡಿಯಿತು, ಅವರು ಮತ್ತೆ ಏಳಲಿಲ್ಲ. ಜನ ಅವನನ್ನು ಹಿಡಿಯುವಷ್ಟರಲ್ಲಿ ತಗಡಿನ ಕೈ ಚರಂಡಿ ಸೇರಿತ್ತು. ಬಾಗಿಲು ತೆರೆದಿತ್ತು, ಸುಮ್ಮನೆ ನುಗ್ಗಿದೆ ಎಂದ. ಮೊದಲೇ ಹೂಡಿದ ಸಂಚಲ್ಲ ಎಂದಾಗಿ ಶಿಕ್ಷೆ ಇಳಿಯಿತು. ಆ ಮಾತಿನ ಭಾರ ಯಾರ ತಲೆಗೆ ಇಳಿಯಿತೆಂದು ಅವನು ಆರು ವರ್ಷ ಯೋಚಿಸಿರಲಿಲ್ಲ.

ಭೇಟಿಯ ದಿನ ಬೆಳಗ್ಗೆ ಅವನು ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಹೋಗ್ಬೇಡ ಅನ್ನಿಸ್ತಿದೆ ತಾತಾ."

"ಬಾಗಿಲು ತೆಗೆದಿತ್ತು ಅಂತ ಆವತ್ತು ಹೇಳಿದ್ದನ್ನೇ ಹೇಳು. ಮುಗೀತು." ತಾತ ಅವನ ಮುಖವನ್ನೇ ನೋಡಿದ. ನಗು ನಿಂತಿತು. "ತೆಗೆದಿತ್ತು ತಾನೇ?"

ಅವನು ಎದ್ದು ಹೊರಟ.

ಸಣ್ಣ ಕೋಣೆ. ಒಂದು ಮೇಜು, ನಾಲ್ಕು ಕುರ್ಚಿ, ನೀರಿನ ಜಗ್ಗು. ಬಾಗಿಲ ಗಾಜಿನಾಚೆ ಕಾವಲಿನವನು. ಹೊಸ್ತಿಲಲ್ಲಿ ಅವನ ಕಾಲು ನಿಂತಿತು. ವಾಪಸ್ ಹೋಗಬಹುದು ಎಂದು ಮೇಡಂ ಕಣ್ಣಲ್ಲೇ ನೆನಪಿಸಿದರು. ಅವನು ಹೋಗಿ ಕೂತ.

ಎದುರಿಗೆ ಆ ಹಿರಿಯರ ಹೆಂಡತಿ, ಟೀಚರಮ್ಮ. ಸಣ್ಣ ದೇಹ, ತೊಡೆಯ ಮೇಲೆ ಚೀಲ. ಪಕ್ಕದಲ್ಲಿ ಅವರ ಮಗ, ತೋಳು ಕಟ್ಟಿ ಗೋಡೆಯಂತೆ. ಟೀಚರಮ್ಮ ಚೀಲದಿಂದ ಒಂದು ಬೀಗದ ಕೈ ತೆಗೆದು, ಹಲ್ಲುಗಳ ಮೇಲೆ ಅಂಗೈ ಮುಚ್ಚಿ ಮೇಜಿನ ಮೇಲಿಟ್ಟರು. ಹೊರಗೆ ಕಂಡ ಹಿಡಿಯಿಂದಲೇ ಅವನಿಗೆ ಅದರ ಗುರುತು ಹತ್ತಿತು. ತಾನೇ ಉಜ್ಜಿ ಹೊಳಪು ಕೊಟ್ಟದ್ದು.

"ಮನೆಯಿಂದ ಹೊರಟ ಮೇಲೆ ಮೂರು ಸಲ ವಾಪಸ್ ಹೋಗಿ ಬೀಗ ಎಳೆದು ನೋಡ್ತೀನಪ್ಪಾ ನಾನು. ಇವತ್ತೂ ನೋಡಿ ಬಂದೆ. ಬೇರೇನೂ ಕೇಳಲ್ಲ. ಆವತ್ತು ನಾನು ಬೀಗ ಹಾಕಿದ್ನೋ ಇಲ್ವೋ?"

ಜಾಲರಿಗೆ ಸಿಕ್ಕಿಸಿದ ಮಗಳ ಬೆರಳು ಕಣ್ಣಿಗೆ ಕಟ್ಟಿತು. ಇಲ್ಲ ಎಂದರೆ ಸಾಕಿತ್ತು. ಎರಡೇ ಅಕ್ಷರ.

"ಹಾಕಿದ್ರಿ ಅಮ್ಮಾ" ಎಂದ. "ನಾನೇ ಬೀಗದ ಕೈ ಹಾಕಿ ತೆಗೆದೆ."

ಟೀಚರಮ್ಮ ಮೇಜಿನತ್ತ ಬಾಗಿದರು. ಆದರೆ ಮಗ ಜೋರಾಗಿ ನಕ್ಕ.

"ಭೇಷ್! ಏನಮ್ಮಾ ನೀನು, ಇದನ್ನ ನಂಬ್ತೀಯಾ? ಬರೋ ತಿಂಗಳು ಇವನ ಬಿಡುಗಡೆ ವಿಚಾರಣೆ. ನಿನ್ನ ಮನಸ್ಸು ಗೆಲ್ಲೋಕೆ ನಿನಗೆ ಬೇಕಾದ್ದನ್ನೇ ಹೇಳ್ತಿದ್ದಾನೆ. ಗಾಡಿ ಓಡಿಸೋನಿಗೆ ನಮ್ಮನೆ ಬೀಗದ ಕೈ ಎಲ್ಲಿಂದ ಬರುತ್ತೆ?"

ಟೀಚರಮ್ಮನ ಮುಖದಲ್ಲಿ ಈಗ ತಾನೇ ಹೊತ್ತಿದ ದೀಪ ಆರತೊಡಗಿತು. ಅವರು ಅವನನ್ನೂ ಮಗನನ್ನೂ ನೋಡಿ ಕಣ್ಣು ಕೆಳಗಿಳಿಸಿದರು. ಇಲ್ಲಿಗೇ ನಿಲ್ಲಿಸಬಹುದಿತ್ತು ಅವನು. ನಿಜ ಹೇಳಿದ್ದೂ ಆಯಿತು, ಯಾರೂ ನಂಬಲಿಲ್ಲ, ತಲೆ ಉಳಿಯಿತು. ಕಿಟಕಿಯ ಬೆಳಕಿಗೆ ದಿನವೂ ಮುಗಿಯುತ್ತಿದ್ದ ಕೈಗಳನ್ನು ಅವನು ಮೇಜಿನ ಕೆಳಗೆ ಬಿಗಿಹಿಡಿದ. ಆಮೇಲೆ ಮೇಲೆ ತಂದು ಇಟ್ಟ.

"ಮೇಡಂ, ಒಂದು ಕಾಗದ ಪೆನ್ಸಿಲ್ ಕೊಡಿ. ಅಮ್ಮಾ, ಆ ಬೀಗದ ಕೈಯನ್ನ ನಿಮ್ಮ ಮುಷ್ಟಿಯಲ್ಲೇ ಮುಚ್ಚಿಡಿ. ನನಗೆ ಕಾಣಬಾರದು."

ಅವನು ಬರೆದ. ಮೊದಲು ಉದ್ದನೆಯ ಗೆರೆ. ಆಮೇಲೆ ಹಲ್ಲುಗಳು: ಒಂದು ಗಿಡ್ಡ, ಎರಡು ಎತ್ತರ, ನಡುವೆ ಆಳದ ಕಚ್ಚು, ತುದಿಗೆ ಒಂದು ಇಳಿಜಾರು. ಬೆರಳಿಗೆ ಎಲ್ಲ ನೆನಪಿತ್ತು. ಬರೆಯುತ್ತಲೇ ಹೇಳಿದ: ಅಪ್ಪನ ಜ್ವರ, ಕನ್ನಡಕದ ಹಿರಿಯರು, ಮುರಿದ ಬರೀ ತಗಡು, ಭುಜ ತಟ್ಟಿದ ಕೈ. ಹೇಳಿ ಮುಗಿಸಿ ಕಾಗದ ಮುಂದೆ ತಳ್ಳಿದ.

ಟೀಚರಮ್ಮ ಮುಷ್ಟಿ ಬಿಚ್ಚಿ ಬೀಗದ ಕೈಯನ್ನು ಗೆರೆಯ ಮೇಲಿಟ್ಟರು. ಹಲ್ಲಿಗೆ ಹಲ್ಲು ಕೂತಿತು.

"ಹೌದು," ಎಂದರು ನಿಧಾನವಾಗಿ. "ಹೊಸ ಬೀಗದ ಕೈ ಮಾಡಿಸಿದ ದಿನ ನಮ್ಮ ಯಜಮಾನರು ಮನೆಗೆ ಬಂದು, ಹುಡುಗ ನನ್ನೆದುರೇ ಮುರಿದ ನೋಡು, ಎಂಥಾ ನಿಯತ್ತು ಅಂತ ಊಟ ಮುಗಿಯೋವರೆಗೂ ಹೇಳಿದ್ರು."

ಮಗ ಎದ್ದು ನಿಂತಿದ್ದ. ಮುಖ ಕೆಂಪಾಗಿತ್ತು.

"ಮೂರು ತಿಂಗಳ ಸಂಚು! ಇದನ್ನ ಸಮಿತಿಗೆ ಹೇಳದೆ ಬಿಡಲ್ಲ ನಾನು."

"ಹೇಳು" ಎಂದರು ಟೀಚರಮ್ಮ. "ಖಂಡಿತ ಹೇಳು. ಅದಕ್ಕೆ ಮೊದಲು ನನಗೆ ಹೇಳು. ಆರು ವರ್ಷದಿಂದ ನೀನು ಹೇಳ್ತಿದ್ಯಲ್ಲ ಒಂದು ಮಾತು, ಅದನ್ನ ತಿರುಗಿಸಿ ಹೇಳು."

ಮಗನ ತೋಳುಗಳು ಬಿಚ್ಚಿಕೊಂಡವು. ಕುರ್ಚಿಯ ಬೆನ್ನು ಹಿಡಿದುಕೊಂಡ.

"ನೀನು... ಬೀಗ ಹಾಕಿದ್ದೆ ಅಮ್ಮಾ."

ಟೀಚರಮ್ಮ ಅಳಲಿಲ್ಲ. ಪಾಠ ಮುಗಿಸಿದವರಂತೆ ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿದರು. ಎದ್ದು ಅವನ ಕಡೆ ತಿರುಗಿದರು.

"ನಿನ್ನ ಕ್ಷಮಿಸೋಕೆ ಬಂದಿಲ್ಲ ನಾನು. ಅದು ನನ್ನಿಂದ ಆಗುತ್ತೋ ಇಲ್ವೋ ಗೊತ್ತಿಲ್ಲ."

"ಬೇಡ ಅಮ್ಮಾ. ಆ ಬೀಗ ಬದಲಾಯಿಸಿಬಿಡಿ."

"ಇವತ್ತೇ ಬದಲಾಯಿಸ್ತೀನಿ. ಹೊಸ ಬೀಗದ ಕೈ ಮಾಡೋವಾಗ ನಾನೇ ಎದುರು ನಿಂತಿರ್ತೀನಿ."

ಕೋಣೆಗೆ ಮರಳಿದಾಗ ತಾತ ಕಾದು ಕೂತಿದ್ದ.

"ಏನಾಯ್ತೋ? ಬರೋ ತಿಂಗಳು ಗಾಡಿ ಹೊರಡುತ್ತೋ?"

"ಇಲ್ಲ ತಾತಾ. ಈಗಷ್ಟೇ ರಿಪೇರಿ ಶುರುವಾಗಿದೆ."

ತಾತ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಗಾಡಿಯಣ್ಣ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಮಗಳಿಗೆ ಬರೆಯತೊಡಗಿದ: "ಕಂದಾ, ಬರೋ ತಿಂಗಳು ಖಂಡಿತ ಅಂದಿದ್ದೆ. ಇನ್ನು ಆ ಮಾತು ಹೇಳೋಕಾಗಲ್ಲ. ಯಾಕೆ ಅಂತ ಬೇರೆಯವರ ಬಾಯಿಂದ ಕೇಳಬೇಡ. ನಾನೇ ಹೇಳ್ತೀನಿ. ನಿನ್ನ ತಾತ, ನನ್ನ ಅಪ್ಪ, ಬೀಗಕ್ಕೆ ಕೈ ಮಾಡ್ತಿದ್ದರು..."