ಕೊನೆಯ ಸ್ನಾನದ ನೀರು

ಮೂರನೆಯ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಮಹ್ಕಮ್ ನಿಂತುಬಿಟ್ಟ. ಗೋಡೆಗೆ ಅಂಟಿಕೊಂಡಿದ್ದ ದಪ್ಪ ಪೈಪಿನೊಳಗೆ ನೀರು ಇಳಿಯುತ್ತಿತ್ತು. ಬೇರೆ ಯಾರಿಗಾದರೂ ಅದು ಬರಿ ಸದ್ದು. ಆ ಕಟ್ಟಡದ ಕೊಳೆನೀರಿನ ಪೈಪುಗಳನ್ನು ಅರ್ಧ ಆಯುಷ್ಯ ರಿಪೇರಿ ಮಾಡಿದ ಅವನಿಗೆ ಹಾಗಲ್ಲ. ಬಟ್ಟೆ ಒಗೆದ ನೀರು ಒಮ್ಮೆಗೇ ಧುಮುಕುತ್ತದೆ, ಕೈ ತೊಳೆದ ನೀರು ತೊದಲುತ್ತದೆ. ಇದು ತಂಬಿಗೆಯಿಂದ ಸುರಿದ ನೀರು. ಸುರಿದವರು ನಡುವೆ ನಿಲ್ಲಿಸಿ, ಏನನ್ನೋ ಹೇಳಿಕೊಂಡು, ಮತ್ತೆ ಸುರಿಯುತ್ತಿದ್ದರು.

ಮೇಲೆ ಅಣ್ಣ ಸೋಬಿರನ ಕೊನೆಯ ಸ್ನಾನ ಶುರುವಾಗಿತ್ತು. ಶುರುವಾದ ಮೇಲೆ ಬಾಗಿಲು ಹಾಕಿಕೊಳ್ಳುತ್ತಾರೆ. ಮುಗಿಯುವವರೆಗೆ ಮಗನೇ ಬಂದು ತಟ್ಟಿದರೂ ತೆಗೆಯುವುದಿಲ್ಲ.

ಮಹ್ಕಮ್ ಹೊಯ್ಯಬೇಕೆಂದು ಬಯಸಿದ್ದು ಒಂದೇ ಒಂದು ತಂಬಿಗೆ ನೀರು. ತೊಳೆಯುವುದು, ಉಜ್ಜುವುದು ಎಲ್ಲ ಕಾಸಿಮ್ ಓತಾನ ಕೆಲಸ. ಮೊಹಲ್ಲಾದ ಗಂಡಸರನ್ನೆಲ್ಲ ಮಣ್ಣಿಗೆ ಕಳಿಸುವ ಮುಂಚೆ ತೊಳೆದ, ಎಲ್ಲರೂ ಓತಾ, ಅಂದರೆ ಹಿರಿಯ, ಎಂದು ಕರೆಯುವ ಮುದುಕ ಅವನು. ಆದರೆ ನೀರು ಹೊಯ್ಯುವುದು ಹತ್ತಿರದವರ ಹಕ್ಕು. ತಮ್ಮನಿಗಿಂತ ಹತ್ತಿರದವರು ಯಾರು?

ಬೆಳಿಗ್ಗೆಯಿಂದ ಅವನು ಕೆಳಗೆ ತನ್ನ ಮನೆಯಲ್ಲೇ ಕುಳಿತಿದ್ದ. ಮೇಲಿಂದ ಹೆಂಗಸರ ಅಳು ಮೆಟ್ಟಿಲಿಳಿದು ಬರುತ್ತಿತ್ತು. ಹೆಂಡತಿ ಓಯ್‌ದಿನ್ ಸಾವಿನ ಮನೆಗೆ ಉಡುವ ಅವನ ನಿಲುವಂಗಿ, ನಡುಕಟ್ಟಿನ ಬಟ್ಟೆ, ಟೋಪಿ ಎಲ್ಲ ತಂದು ಮಂಚದ ಮೇಲಿಟ್ಟಿದ್ದಳು.

"ಕರೀಲಿ ಅಂತ ಕಾಯ್ತಿದೀರಾ? ಸತ್ತೋರು ಕರೀತಾರಾ?" ಎಂದಿದ್ದಳು.

"ಕರಾಮತ್ ಅತ್ತಿಗೆ ಇದಾಳಲ್ಲ. ಹೇಳಿಕಳಿಸಬಹುದಿತ್ತು."

"ಅವಳ ಗಂಡ ಹೋಗಿದಾನೆ ಕಣ್ರೀ. ನಿಮ್ಮ ಬಿಗುಮಾನ ಲೆಕ್ಕ ಇಡ್ತಾ ಕೂತಿರ್ತಾಳಾ ಅವಳು?"

ಬಿಗುಮಾನವಲ್ಲ ಅದು. ಅವನಿಗೂ ಅದಕ್ಕೊಂದು ಹೆಸರು ಸಿಕ್ಕಿರಲಿಲ್ಲ. ಅಪ್ಪ ತೀರಿಕೊಂಡ ದಿನ ಅವನು ಯಾವುದೋ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮೊಣಕಾಲುದ್ದದ ಕೊಳೆಯಲ್ಲಿ ನಿಂತಿದ್ದ. ಸುದ್ದಿ ಕೇಳಿದವನೇ ಹಾಗೇ ಓಡಿಬಂದಿದ್ದ. ಬಾಗಿಲಲ್ಲಿ ನಿಂತಿದ್ದ ಸೋಬಿರ್ ಅವನ ಮುಖ ನೋಡಲಿಲ್ಲ, ಕೈ ನೋಡಿದ. "ಈ ಕೈಯಲ್ಲಿ ಅಪ್ಪನ ಮೇಲೆ ನೀರು ಹೊಯ್ತೀಯಾ?" ಎಂದ, ಅಷ್ಟು ಜನರ ಎದುರಿಗೆ. ಮಹ್ಕಮ್ ಕೈ ತೊಳೆಯಲು ಹೋದ. ತೊಳೆದ, ಮೂಸಿ ನೋಡಿದ, ಮತ್ತೆ ತೊಳೆದ. ತಿರುಗಿ ಬರುವಷ್ಟರಲ್ಲಿ ಅಪ್ಪನಿಗೆ ಕಫನ್ ಬಟ್ಟೆ ಸುತ್ತಿ ಆಗಿತ್ತು. ಅಣ್ಣನೂ ಬೇಕೆಂದು ಆಡಿದ ಮಾತಲ್ಲ, ದುಃಖದಲ್ಲಿ ಬಾಯಿಗೆ ಬಂದದ್ದು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಅಷ್ಟರಲ್ಲಿ ಇಬ್ಬರ ನಡುವೆ ಮಾತು ನಿಂತುಹೋಗಿತ್ತು. ಮೊದಮೊದಲು ಅದು ಸಿಟ್ಟಾಗಿತ್ತು, ಬರಬರುತ್ತ ಅಭ್ಯಾಸವಾಯಿತು. ಒಂದೇ ಮೆಟ್ಟಿಲಲ್ಲಿ ಎದುರಾದರೆ ಒಬ್ಬ ಗೋಡೆಗೆ ಸರಿಯುವುದು, ಇನ್ನೊಬ್ಬ ದಾಟಿಹೋಗುವುದು.

ಇವತ್ತೂ ಹೊರಡುವ ಮುಂಚೆ ಅವನು ಕೈ ತೊಳೆಯುತ್ತ ನಿಂತಿದ್ದ. ಸೋಪು ಹಚ್ಚಿ, ಉಗುರು ಉಜ್ಜಿ, ಮತ್ತೆ ಸೋಪು ಹಚ್ಚಿ. ಅದಕ್ಕೇ ತಡವಾಯಿತು.

ತಿರುವಿನಲ್ಲಿ ನಿಂತಲ್ಲೇ ಪೈಪಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಇನ್ನು ಮೇಲೆ ಹೋಗಿ ಫಲವಿಲ್ಲವೆಂದು ಕೆಳಗಿಳಿದ.

ಬಾಗಿಲಲ್ಲೇ ಓಯ್‌ದಿನ್ ಎದುರಾದಳು. "ಬೇಗ ಬನ್ನಿ. ಬಚ್ಚಲ ತೊಟ್ಟೀಲಿ ನೀರು ಉಕ್ತಾ ಇದೆ."

ಎದುರುಮನೆಯ ಲಾಯ್ಲೊ ಆಗಲೇ ಕೈಯಲ್ಲಿ ಪೊರಕೆ ಹಿಡಿದು ಹೊರಗೆ ಬಂದಿದ್ದಳು. "ಮಹ್ಕಮ್ ಅಣ್ಣಾ, ನಮ್ಮನೇಲೂ ಗುಳುಗುಳು ಅಂತಿದೆ! ಮೇಲಿನೋರಿಗೆ ನಲ್ಲಿ ನಿಲ್ಲಿಸಿ ಅಂತ ಹೇಳೋಕೆ ಬಾಯಿ ಬರಲ್ಲ, ಸಾವಿನ ಮನೆ. ನೀವಾದ್ರೂ ಏನಾದ್ರೂ ಮಾಡಿ. ಊರೆಲ್ಲ ತೊಳೀತೀರಿ, ನಿಮ್ಮ ಮೆಟ್ಟಿಲೇ ನಾರ್ತಿದೆ."

ಅವನು ತೊಟ್ಟಿಯ ಬಳಿ ಬಗ್ಗಿದ. ಅಡುಗೆಮನೆಯ ಸಿಂಕು ಸುಮ್ಮನಿತ್ತು. ಅದರ ಪೈಪು ಬೇರೆ. ಇಲ್ಲಿ ಮಾತ್ರ, ಎದುರುಮನೆಯಲ್ಲೂ. ಅಂದರೆ ಎರಡೂ ಮನೆಯ ಕವಲು ಸೇರಿದ ಮೇಲೆ, ಕೆಳಗೆ ನೆಲಮಾಳಿಗೆಯಲ್ಲಿ ಪೈಪು ಅಡ್ಡ ತಿರುಗುವ ಬೆಂಡಿನಲ್ಲಿ ಕಟ್ಟಿಕೊಂಡಿದೆ. ಸುರುಳಿ ತಂತಿ ಬಿಟ್ಟು ತಿರುಗಿಸಿದರೆ ಒಂದು ಚಹಾ ಕುಡಿಯುವ ಹೊತ್ತಿನ ಕೆಲಸ. ಇಷ್ಟನ್ನೂ ಅವನ ತಲೆ ತಾನಾಗಿ ಯೋಚಿಸಿ ಮುಗಿಸಿತು. ಆಮೇಲೆ ವಾಸನೆ ಬಂತು. ಕೊಳೆಯ ವಾಸನೆಯ ಅಡಿಯಲ್ಲಿ ಸೋಪು, ಸೋಪಿನ ಅಡಿಯಲ್ಲಿ ಕರ್ಪೂರ. ನೀರಿನ ಮೇಲೆ ಹತ್ತಿಯ ಎಳೆಯೊಂದು ನಿಧಾನಕ್ಕೆ ತಿರುಗುತ್ತಿತ್ತು.

ಅವನು ತೊಟ್ಟಿಯ ಅಂಚಿನ ಮೇಲೆ ಕುಳಿತುಕೊಂಡ. ಆ ನೀರು ಪೈಪಿನೊಳಗೆ ಇಳಿಯಲೇಬಾರದಿತ್ತು ಎಂಬುದು ಈಗ ಹೊಳೆಯಿತು.

ಹೆಣ ತೊಳೆದ ನೀರನ್ನು ಯಾರೂ ಚರಂಡಿಗೆ ಬಿಡುವುದಿಲ್ಲ. ಮಣ್ಣಿನ ಅಂಗಳದ ಮನೆಗಳಲ್ಲಿ ಹೆಣ ಮಲಗಿಸಿ ತೊಳೆಯುವ ಹಲಗೆಯ ಕೆಳಗೇ ಗುಂಡಿ ತೋಡುತ್ತಾರೆ. ಆಮೇಲೆ ಮುಚ್ಚಿ, ಕಾಲು ಬೀಳದ ಹಾಗೆ ಕಲ್ಲಿಡುತ್ತಾರೆ. ಈ ಕಟ್ಟಡದಲ್ಲಿ ಸತ್ತವರಿಗೆ ಅಂಗಳದಲ್ಲಿ ಪರದೆ ಕಟ್ಟಿ ಸ್ನಾನ ಮಾಡಿಸುವುದು ರೂಢಿ. ಇವತ್ತು ನೆಲ ಹೆಪ್ಪುಗಟ್ಟಿತ್ತು, ಮೇಲಿಂದ ಹಿಮ ಬೆರೆತ ಮಳೆ. ಮೇಲೆಯೇ ತೊಳೆಯೋಣ, ಬಕೆಟ್ಟಿನಲ್ಲಿ ಹಿಡಿದು ಕೆಳಗೆ ತರೋಣ ಎಂದುಕೊಂಡಿರುತ್ತಾರೆ. ಬಕೆಟ್ಟು ತುಂಬಿದಾಗ ಯಾರೋ ಅದನ್ನು ಅಲ್ಲೇ ಬಚ್ಚಲಿಗೆ ಬಗ್ಗಿಸಿರುತ್ತಾರೆ, ಆಮೇಲೆ ಸುರಿದದ್ದೂ ನೇರ ಅಲ್ಲಿಗೇ ಇಳಿದಿದೆ. ದಿನವೂ ಮಾಡುವುದನ್ನೇ ಕೈ ಮಾಡಿದೆ.

"ಏನು ನೋಡ್ತಾ ಕೂತ್ರಿ? ಅಂಚಿಗೆ ಬಂತು. ಹೋಗಿ ಬಿಡಿಸ್ರೀ," ಎಂದಳು ಓಯ್‌ದಿನ್.

"ಬಿಡಿಸಿದ್ರೆ ಹೋಗತ್ತೆ."

"ಹೋಗ್ಲಿ ಅಂತಾನೇ ತಾನೆ ಬಿಡ್ಸೋದು?"

"ಎಲ್ಲಿಗೆ ಹೋಗತ್ತೆ ಅಂತ ನಂಗೊತ್ತು, ಓಯ್‌ದಿನ್." ಅವನು ದನಿ ಏರಿಸಲಿಲ್ಲ. "ಇದು ಸೋಬಿರಣ್ಣನ ನೀರು."

ಅವಳು ಬಾಗಿ ಮೂಸಿದಳು. ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ಒಳಗೆ ಹೋಗಿ, ಎರಡು ಬಕೆಟ್ಟು ತಂದಿಟ್ಟಳು.

ಅವನು ಮೊಗೆಯಲು ಶುರುಮಾಡಿದ. ಆ ನೀರಿನಲ್ಲಿ ಮೇಲಿನ ಮೂರು ಮಹಡಿಯ ಕೊಳೆಯೂ ಸೇರಿತ್ತು, ಗೊತ್ತಿತ್ತು ಅವನಿಗೆ. ಇಷ್ಟು ಅಣ್ಣನದು, ಇಷ್ಟು ಊರಿನದು ಎಂದು ಬಿಡಿಸುವುದು ಹೇಗೆ? ಬದುಕಿದ್ದಾಗಲೂ ಬಿಡಿಸಲಾಗಲಿಲ್ಲ. ಎಲ್ಲವನ್ನೂ ಹೊರುವುದೇ ಸರಿ ಅನ್ನಿಸಿತು.

ಕಟ್ಟಡದ ಹಿಂಬದಿಯ ಗೋಡೆಗೂ ಹಿಪ್ಪುನೇರಳೆ ಮರಕ್ಕೂ ನಡುವೆ ಯಾರೂ ಓಡಾಡದ ಒಂದು ಇಕ್ಕಟ್ಟು ಜಾಗವಿತ್ತು. ಅಲ್ಲಿಗೆ ಹೋಗಲು ಅಂಗಳ ದಾಟಬೇಕು. ಅಂಗಳದ ತುಂಬ ಜನ, ಬೆಂಚುಗಳ ಮೇಲೆ ಮುದುಕರು, ಬಾಗಿಲ ಬಳಿ ನಡುಕಟ್ಟು ಬಿಗಿದು ನಿಂತ ನೆಂಟರು. ಮಹ್ಕಮ್ ಎರಡು ಕೈಗಳಲ್ಲಿ ಬಕೆಟ್ಟು ಹಿಡಿದು ಅವರ ನಡುವೆ ಹಾದುಹೋದ. ಒಂದು ಸಲ ಹೋದಾಗ ದಾರಿ ಬಿಟ್ಟರು. ಮತ್ತೊಂದು ಸಲ ಹೋದಾಗ ಗುಸುಗುಸು ಶುರುವಾಯಿತು.

"ನೋಡಪ್ಪಾ, ಅಣ್ಣ ಸತ್ತ ದಿನಾನೂ ಇವನಿಗೆ ಮೋರಿ ಕೆಲಸ."

"ಕೂಲಿ ಯಾರು ಕೊಡ್ತಾರಂತೆ?"

"ಹೊಟ್ಟೆಕಿಚ್ಚಿನ ಮನುಷ್ಯ. ಅಳೋಕೆ ಬರಲ್ಲ, ಅದಕ್ಕೇ ಬಕೆಟ್ಟು ಹಿಡ್ಕೊಂಡಿದಾನೆ."

ಅವನಿಗೆ ಕೇಳಿಸಿತು. ಹೇಳಿಬಿಟ್ಟರೆ ಒಂದು ಕ್ಷಣದಲ್ಲಿ ಬಾಯಿ ಮುಚ್ಚುತ್ತಿದ್ದರು. ಆದರೆ ಹೇಳಿದರೆ ಆ ಮಾತು ಸಂಜೆಯೊಳಗೆ ಮೇಲಕ್ಕೆ ಹತ್ತುತ್ತದೆ. ಗಂಡನ ನೀರು ಚರಂಡಿ ಸೇರಿತು ಎಂದು ಕರಾಮತ್ ಉಳಿದ ಆಯುಷ್ಯವೆಲ್ಲ ಕೊರಗುತ್ತಾಳೆ. ಕಾಸಿಮ್ ಓತಾ ಇನ್ನು ಯಾರ ಮನೆಯ ಹಲಗೆಯನ್ನೂ ಮುಟ್ಟಲಿಕ್ಕಿಲ್ಲ. ಅವನು ಬಾಯಿ ಬಿಗಿಹಿಡಿದು ನಡೆದ.

ಹೆಪ್ಪುಗಟ್ಟಿದ ನೆಲ ನೀರನ್ನು ಬೇಗ ಕುಡಿಯುತ್ತಿರಲಿಲ್ಲ. ಹಾರೆ ತಂದು ಮರದ ಬುಡದಲ್ಲಿ ಒಂದಿಷ್ಟು ಕೆದಕಿದ. ಪ್ರತಿ ಬಕೆಟ್ಟನ್ನೂ ಅವಸರವಿಲ್ಲದೆ, ಅಣ್ಣನ ಎದೆಗೆ ಹೊಯ್ದಂತೆ, ಭುಜಕ್ಕೆ ಹೊಯ್ದಂತೆ, ಸಣ್ಣ ಧಾರೆಯಾಗಿ ಹೊಯ್ದ.

ಮೇಲಿನ ಸ್ನಾನ ಮುಗಿದಿತ್ತು. ತೊಟ್ಟಿಯಲ್ಲಿ ಇನ್ನೂ ಅರ್ಧ ನೀರಿತ್ತು. ಆಗ ಅಣ್ಣನ ಮಗ ಬಹ್ರೋಮ್ ಮರದ ಹತ್ತಿರ ಬಂದ. ಅತ್ತು ಕಣ್ಣು ಊದಿತ್ತು, ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಚಿಕ್ಕಪ್ಪ, ಇವತ್ತೊಂದು ದಿನ ಬಿಟ್ಟಿದ್ರೆ ಆಗ್ತಿರಲಿಲ್ವಾ? ಜನ ನಗ್ತಿದಾರೆ."

ಮಹ್ಕಮ್ ಬಕೆಟ್ಟು ಎತ್ತಿಕೊಂಡ. ಹುಡುಗನ ಕಣ್ಣು ಬಕೆಟ್ಟಿನೊಳಗೆ ಹೋಯಿತು. ಹತ್ತಿಯ ಚೂರು ಕಂಡಿತು. ಸಿಟ್ಟು ಇಳಿಯುತ್ತ ಹೋದದ್ದು ಮಹ್ಕಮ್‌ಗೆ ಕಾಣಿಸಿತು. ತಾನು ಅದನ್ನು ನೋಡಬಾರದಿತ್ತು ಅನ್ನಿಸಿತು.

"ಓತಾ ಹೇಳಿದ್ರು, ಕೆಳಗೆ ಹೊತ್ಕೊಂಡು ಹೋಗಿ ಅಂತ," ಎಂದ ಬಹ್ರೋಮ್. "ಬಕೆಟ್ಟು ನನ್ನ ಕೈಲೇ ಇತ್ತು ಚಿಕ್ಕಪ್ಪ. ನಾನೇ... ಯೋಚನೇನೇ ಬರ್ಲಿಲ್ಲ ನಂಗೆ."

"ಸುಮ್ನಿರು."

"ಅಮ್ಮಂಗೆ ಗೊತ್ತಾದ್ರೆ..."

"ಯಾಕೆ ಗೊತ್ತಾಗತ್ತೆ? ನೀರು ಮಣ್ಣಿಗೇ ಬಂತಲ್ಲ. ಸ್ವಲ್ಪ ಸುತ್ತಿಕೊಂಡು ಬಂತು, ಅಷ್ಟೇ."

ಮೆಟ್ಟಿಲ ಬಾಗಿಲಲ್ಲಿ ಕೂಗೆದ್ದಿತು. ಹೆಣ ಹೊತ್ತ ಜನಾಜಾ ಇಳಿಯುತ್ತಿತ್ತು. ಬಹ್ರೋಮ್ ಚಿಕ್ಕಪ್ಪನ ತೋಳು ಹಿಡಿದ. "ಬನ್ನಿ. ಎತ್ತುತ್ತಾ ಇದಾರೆ. ಮುಂದಿನ ಹೆಗಲು ನಿಮ್ದು."

ಮಹ್ಕಮ್ ಆ ಕಡೆ ನೋಡಿದ. ಇಲ್ಲಿ ಜನಾಜಾ ನಿಲ್ಲುವುದಿಲ್ಲ. ಹೆಗಲಿನಿಂದ ಹೆಗಲಿಗೆ ಬದಲಾಗುತ್ತ ಬಿರುಸಾಗಿ ಹೋಗಿಬಿಡುತ್ತದೆ. ಓಡಿದರೆ ಹೆಗಲು ಸಿಗುತ್ತದೆ. ಆದರೆ ಆ ಹೊತ್ತಿನಲ್ಲಿ ಮಹಡಿಗಳಲ್ಲಿ ಯಾರಾದರೂ ಒಬ್ಬರು ಒಂದು ತೊಟ್ಟಿ ನೀರು ಬಿಟ್ಟರೆ ಸಾಕು, ಒತ್ತಡಕ್ಕೆ ಬೆಂಡಿನ ಕಟ್ಟು ತಾನಾಗಿ ಬಿಟ್ಟುಕೊಳ್ಳಬಹುದು. ಉಳಿದದ್ದೆಲ್ಲ ಚರಂಡಿಗೆ ಹೋಗುತ್ತದೆ.

"ನೀನು ಹೋಗು," ಎಂದ.

"ತಮ್ಮ ಹೆಗಲು ಕೊಡ್ಲಿಲ್ಲ ಅಂತಾರೆ ಚಿಕ್ಕಪ್ಪ. ಯಾವತ್ತೂ ಮರೆಯಲ್ಲ ಈ ಜನ."

"ಅನ್ನಲಿ. ನೀನು ಬೇಗ ಹೋಗು, ಅಪ್ಪ ಕಾಯಲ್ಲ."

ಹುಡುಗ ಓಡಿದ. ನೀಲಿ ರೇಷ್ಮೆ ಹೊದಿಸಿದ ಜನಾಜಾ ತಲೆಗಳ ಮೇಲೆ ತೇಲುತ್ತ ಗೇಟು ದಾಟಿತು. ಹೆಂಗಸರು ಮೆಟ್ಟಿಲಲ್ಲೇ ನಿಂತುಬಿಟ್ಟರು. ಮಹ್ಕಮ್ ಬಕೆಟ್ಟು ತೆಗೆದುಕೊಂಡು ಒಳಗೆ ಹೋದ.

ತೊಟ್ಟಿ ತಳ ಕಂಡ ಮೇಲೆ ನೆಲಮಾಳಿಗೆಗೆ ಇಳಿದ. ಅಡ್ಡಪೈಪಿನ ಮುಚ್ಚಳದ ಕೆಳಗೆ ದೊಡ್ಡ ಬೋಗುಣಿ ಇಟ್ಟು, ಬೋಲ್ಟು ಸಡಿಲಿಸಿದ. ಪೈಪಿನಲ್ಲಿ ನಿಂತಿದ್ದ ನೀರು ಭಸ್ಸನೆ ಬಂತು, ತೋಳೆಲ್ಲ ನೆನೆಯಿತು. ಬೆಂಡಿನೊಳಗೆ ತಂತಿ ತಳ್ಳಿ ತಿರುಗಿಸಿ ಎಳೆದ. ಹಳೆಯ ಕುರಿಕೊಬ್ಬು ಅಲ್ಲಿ ಬಿಳಿಯ ಕಲ್ಲಿನಂತೆ ಕಟ್ಟಿಕೊಂಡಿತ್ತು. ಅದಕ್ಕೆ ಸಿಕ್ಕಿಕೊಂಡು ಹತ್ತಿ, ಮುಷ್ಟಿ ಮುಷ್ಟಿ ಹತ್ತಿ. ತಂತಿಯ ಕೊಕ್ಕೆಯಿಂದ ಅದನ್ನು ಒಂದೊಂದೇ ಎಳೆಯಾಗಿ ಬಿಡಿಸಿಕೊಂಡ. ಯಾವುದೂ ಹರಿಯದ ಹಾಗೆ ಬಿಡಿಸಲು ಬಹಳ ಹೊತ್ತು ಹಿಡಿಯಿತು. ಅಣ್ಣನಿಗೆ ಹೇಳಬೇಕೆಂದುಕೊಂಡಿದ್ದ ಮಾತುಗಳು ಇದ್ದವು. ಈಗ ಹುಡುಕಿದರೆ ಒಂದೂ ಸಿಗಲಿಲ್ಲ.

"ಹೋಯ್ತು ನೀರು!" ಎಂದು ಮೇಲಿಂದ ಲಾಯ್ಲೊ ಕೂಗಿದಳು. "ದೇವರು ಒಳ್ಳೇದು ಮಾಡ್ಲಿ ಅಣ್ಣಾ!"

ಹತ್ತಿಯನ್ನು ಮರದ ಬುಡದಲ್ಲಿ ಹೂಳಿ, ಬೋಗುಣಿಯ ನೀರನ್ನೂ ಅಲ್ಲೇ ಹೊಯ್ದ. ಮಣ್ಣಿನ ಮೇಲೆ ನೀರು ಇನ್ನೂ ಹೊಳೆಯುತ್ತ ನಿಂತಿತ್ತು, ಅಂಚಿನಲ್ಲಿ ಹಿಮದ ತೆಳು ಪೊರೆ ಕಟ್ಟತೊಡಗಿತ್ತು. ಒಂದು ನಾಯಿ ಆ ಕಡೆ ಬಂದಿತು, ಅಟ್ಟಿದ. ಓಯ್‌ದಿನ್ ನಿಲುವಂಗಿ ತಂದು ಹೆಗಲಿಗೆ ಹೊದಿಸಿ ಒಳಗೆ ಹೋದಳು.

ಮಣ್ಣಿಗೆ ಹೋದವರು ತಿರುಗಿ ಬಂದರು. ಬೂಟಿನ ತುಂಬ ಕೆಸರು. ಅವನನ್ನು ಕಂಡವರು ಮುಖ ತಿರುಗಿಸಿ ಮೆಟ್ಟಿಲು ಹತ್ತಿದರು. ಬಹ್ರೋಮ್ ಒಮ್ಮೆ ನಿಂತ. ಯಾರೋ ಅವನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದೊಯ್ದರು.

ಮಹ್ಕಮ್ ಕದಲಲಿಲ್ಲ. ನೀರು ಇಂಗುವುದು ಇನ್ನೂ ಬಾಕಿಯಿತ್ತು.